ಹೆಗಲ ಮೇಲೆ ಉಳಿದ ಕೈ: ಊರಿನ ಒಂಟಿತನ, ಸಾವುಗಳ ಫೋಟೋ ತೆಗೆಯಲು ಹೊರಟವರಿಗೆ

ಸತ್ತವರ ಫೋಟೋ ದೊಡ್ಡದು ಮಾಡಿಸಲು ನಮ್ಮ ಸ್ಟುಡಿಯೋಗೆ ಬರುವವರು ಕೈಯಲ್ಲಿ ಹಿಡಿದು ತರುವುದು ಹೆಚ್ಚಾಗಿ ಮದುವೆಯ ಗುಂಪುಚಿತ್ರ. ಮೂವತ್ತು ಜನರ ನಡುವೆ, ಎರಡನೇ ಸಾಲಿನಲ್ಲಿ, ಅರ್ಧ ಮುಖ ಯಾರದೋ ರುಮಾಲಿನ ಹಿಂದೆ ಮರೆಯಾದವರನ್ನು ಬೆರಳಿಟ್ಟು ತೋರಿಸಿ, "ಇವರೊಬ್ಬರನ್ನೇ ತೆಗೆದುಕೊಡಿ" ಎನ್ನುತ್ತಾರೆ. ಬದುಕಿದ್ದಾಗ ಒಬ್ಬರೇ ಕುಳಿತು ಫೋಟೋ ತೆಗೆಸಿಕೊಂಡ ಹಿರಿಯರು ನಮ್ಮ ಕಡೆ ಕಡಿಮೆ. ಒಬ್ಬರೇ ಇರುವ ಚಿತ್ರ ಬೇಕಾಗುವುದು ಗೋಡೆಗೆ ಏರುವಾಗ.

ರಾಯಚೂರಿನ ತೀನ್ ಕಂದೀಲ್ ವೃತ್ತದಿಂದ ಕೂಗಳತೆಯಲ್ಲಿರುವ ಓಣಿಯಲ್ಲಿ ನಮ್ಮ ತಂದೆ ಇಟ್ಟ ಸ್ಟುಡಿಯೋ ಇದು. ಅವರ ಹತ್ತಿರ ಯಾಶಿಕಾ ಕ್ಯಾಮೆರಾ ಇತ್ತು. ರೋಲಿಗೆ ಹನ್ನೆರಡು ಫೋಟೋ, ಹದಿಮೂರನೆಯದು ಬೇಕೆಂದರೆ ಹೊಸ ರೋಲು. ಗುಂಪಿನಿಂದ ಒಬ್ಬರನ್ನು ಬೇರ್ಪಡಿಸಬೇಕಾದರೆ ಅವರು ಹಳೆಯ ಫೋಟೋದ್ದೇ ಇನ್ನೊಂದು ಫೋಟೋ ತೆಗೆದು, ಬಂದ ನೆಗೆಟಿವ್ ಮೇಲೆ ಸಣ್ಣ ಕುಂಚದಿಂದ ಓಪೇಕ್ ಬಣ್ಣ ಹಚ್ಚುತ್ತಿದ್ದರು. ಓಪೇಕ್ ಹಚ್ಚಿದ ಕಡೆ ಬೆಳಕು ದಾಟುವುದಿಲ್ಲ, ಪ್ರಿಂಟಿನಲ್ಲಿ ಅಷ್ಟೂ ಜಾಗ ಬೆಳ್ಳಗೆ. ಇಡೀ ಮದುವೆಮನೆ ಬೆಳ್ಳಗಾಗಿ ಒಬ್ಬ ಮುದುಕ ಉಳಿಯುತ್ತಿದ್ದ.

ತೊಡಕು ಬರುತ್ತಿದ್ದುದು ಕೈಗಳಿಂದ. ಪಕ್ಕದವರು ಹೆಗಲ ಮೇಲೆ ಕೈ ಹಾಕಿರುತ್ತಾರೆ. ಆ ಬೆರಳುಗಳ ಮೇಲೂ ಓಪೇಕ್ ಹಚ್ಚಿದರೆ ಹೆಗಲಿನಲ್ಲಿ ನಾಲ್ಕು ಬಿಳಿ ತೂತು. ಹಾಗಾಗಿ ತಂದೆ ಪ್ರಿಂಟ್ ಒಣಗಿದ ಮೇಲೆ ಪೆನ್ಸಿಲ್ ಹಿಡಿದು ಅಂಗಿಯ ಮಡಿಕೆಗಳನ್ನು ತುಂಬುತ್ತಿದ್ದರು. ಅದೇ ಕೆಲಸವನ್ನು ನಾನು ಕಂಪ್ಯೂಟರಿನಲ್ಲಿ ಎರಡು ನಿಮಿಷಕ್ಕೆ ಮುಗಿಸುತ್ತೇನೆ. ಒಮ್ಮೆ ಮಾತ್ರ, ಕರೆಂಟು ಹೋಗುವ ಮೊದಲೇ ಪ್ರಿಂಟ್ ಹಾಕಿಬಿಡಬೇಕೆಂಬ ಆತುರದಲ್ಲಿ, ಬೆರಳುಗಳನ್ನು ಅಳಿಸುವುದನ್ನೇ ಮರೆತೆ. ಉಂಗುರವಿದ್ದ ನಾಲ್ಕು ಬೆರಳು ಅಜ್ಜನ ಹೆಗಲ ಮೇಲೆ ಕುಳಿತಿವೆ. ಹಿಂದೆ ತೋಳಿಲ್ಲ, ಆಳಿಲ್ಲ. ಮರುದಿನ ಬೈಸಿಕೊಳ್ಳಲು ತಯಾರಾಗಿದ್ದೆ. ಬಂದವರು ಚಿತ್ರವನ್ನು ಬೆಳಕಿಗೆ ಹಿಡಿದು, "ಇದು ನಮ್ಮ ದೊಡ್ಡಪ್ಪನ ಕೈ, ಇರಲಿ ಬಿಡಿ" ಎಂದರು. ಇನ್ನೆರಡು ಪ್ರತಿ ಕೇಳಿದರು. ನಾನೂ ಅವರನ್ನು ಕೇಳಿ ಒಂದು ಪ್ರತಿ ಇಟ್ಟುಕೊಂಡೆ.

ಊರಿನೊಳಗಿನ ಒಂಟಿತನವನ್ನೂ ಸಾವನ್ನೂ ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ ಎಂದು ಕೇಳಿಕೊಂಡು ಈಚೆಗೆ ಕಾಲೇಜು ಹುಡುಗರು ಬರುತ್ತಾರೆ. ಅವರಿಗೆ ಮೊದಲು ಈ ಪ್ರತಿಯನ್ನು ತೋರಿಸುತ್ತೇನೆ. ಒಬ್ಬ ಮನುಷ್ಯ ಒಂಟಿ ಎಂದು ನೋಡುವವರಿಗೆ ಅನ್ನಿಸಬೇಕಾದರೆ ಅವನ ಪಕ್ಕದಲ್ಲಿ ಯಾರೋ ಇದ್ದರು, ಅಥವಾ ಇರಬೇಕಿತ್ತು ಎಂಬ ಗುರುತು ಚಿತ್ರದೊಳಗೆ ಉಳಿದಿರಬೇಕು. ಅದನ್ನು ಅಳಿಸಿಬಿಟ್ಟರೆ ಕೈಗೆ ಸಿಗುವುದು ಪಾಸ್‌ಪೋರ್ಟ್ ಫೋಟೋ.

ಕ್ಯಾಮೆರಾ ಒಳಗಿಡಿ, ಆರು ಸಾಲು ಬರೆಯಿರಿ

ಹುಡುಗರು ತರುವ ಚಿತ್ರಗಳೆಲ್ಲ ಒಂದೇ ಬಗೆ. ರೈಲು ನಿಲ್ದಾಣದ ಹೊರಗೆ ಕುಳಿತ ಮುದುಕಿ, ಮುಖದ ತುಂಬ ಸುಕ್ಕು, ಕಪ್ಪುಬಿಳುಪು. ಕೆಳಗೆ "ಏಕಾಂತ" ಎಂಬ ಶೀರ್ಷಿಕೆ. ಆ ಮುದುಕಿಗೆ ಸಂಜೆ ಐದಕ್ಕೆ ಮೊಮ್ಮಗ ಬಂದು ಸೈಕಲ್ ಮೇಲೆ ಕೂರಿಸಿಕೊಂಡು ಹೋಗುತ್ತಾನೆ ಎಂಬುದು ನನಗೆ ಗೊತ್ತು. ಸುಕ್ಕು ವಯಸ್ಸಿನದು, ಅದರಲ್ಲಿ ಒಂಟಿತನವನ್ನು ಹುಡುಕಿದವರು ನಾವು.

ವಿಮರ್ಶಕರು ಪರಕೀಯಪ್ರಜ್ಞೆ ಎಂಬ ದೊಡ್ಡ ಪದ ಬಳಸುತ್ತಾರೆ. ನಮ್ಮ ಓಣಿಯಲ್ಲಿ ಇದಕ್ಕೆ ಪರದೇಶಿ ಎನ್ನುತ್ತಾರೆ. ಬೇರೆ ದೇಶದವನು ಎಂದು ಅದರ ಅರ್ಥವಲ್ಲ, ಹಿಂದೆ ಮುಂದೆ ಯಾರೂ ಇಲ್ಲದವನು. ಹುಟ್ಟಿದ ಊರಿನಲ್ಲೇ ಇದ್ದು ಪರದೇಶಿಯಾದವರುಂಟು. ಅವರನ್ನು ಹುಡುಕುವಾಗ ಮುಖ ನೋಡಿ ಹೊರಟರೆ ಏನೂ ಸಿಗುವುದಿಲ್ಲ.

ಅದಕ್ಕೆ ನಾನು ಕೊಡುವ ಮೊದಲ ಕೆಲಸ: ಪತ್ರಿಕೆಯ ಒಳಪುಟದಲ್ಲಿ "ಅಪರಿಚಿತ ಶವ ಪತ್ತೆ" ಎಂದು ಬರುತ್ತದಲ್ಲ, ಆ ಪುಟ್ಟ ಸುದ್ದಿಗಳನ್ನು ಒಂದು ವಾರ ಓದುವುದು. ವಯಸ್ಸು ಸುಮಾರು ಇಷ್ಟು, ಎತ್ತರ ಇಷ್ಟು, ಕೋಲು ಮುಖ, ಗೋಧಿ ಮೈಬಣ್ಣ, ಚೌಕಳಿ ಅಂಗಿ, ಬಲ ಮುಂಗೈ ಮೇಲೆ ಹೆಸರಿನ ಹಚ್ಚೆ, ವಾರಸುದಾರರು ಠಾಣೆಯನ್ನು ಸಂಪರ್ಕಿಸುವುದು. ಐದಾರು ಸಾಲು, ಅದರಲ್ಲಿ ದುಃಖ ಎಂಬ ಪದವೇ ಇರುವುದಿಲ್ಲ. ಬರೆದವರ ತಲೆಯಲ್ಲಿರುವುದು ಒಂದೇ ಪ್ರಶ್ನೆ: ಯಾವುದನ್ನು ನೋಡಿದರೆ ಇವನ ಮನೆಯವರು ಗುರುತು ಹಿಡಿದಾರು?

ಆಮೇಲಿನ ವಾರ ಹಾಗೆಯೇ ನೀವು ಬರೆಯಿರಿ, ಬದುಕಿರುವವರ ಬಗ್ಗೆ. ದಿನಕ್ಕೆ ಒಬ್ಬರು, ಆರು ಸಾಲು. "ಪಾಪ", "ಮೌನ", "ಶೂನ್ಯ ನೋಟ" ಎಂದು ಬರೆದರೆ ಹೊಡೆದುಹಾಕುತ್ತೇನೆ. ಒಬ್ಬ ಹುಡುಗಿ ಖಾನಾವಳಿಯಲ್ಲಿ ದಿನಾ ಒಬ್ಬನೇ ಉಣ್ಣುವ ಮನುಷ್ಯನ ಬಗ್ಗೆ ಬರೆದಿದ್ದಳು: ಗೋಡೆಗೆ ಮುಖ ಮಾಡಿ ಕೂರುತ್ತಾನೆ, ಕೈಗಡಿಯಾರ ನಿಂತಿದೆ, ಎರಡು ರೊಟ್ಟಿ ಹೇಳುತ್ತಾನೆ, ಎರಡನೆಯದನ್ನು ಅರ್ಧ ಮುರಿದು ತಟ್ಟೆಯ ಆಚೆಯ ಅಂಚಿಗೆ ಸರಿಸುತ್ತಾನೆ, ಕೊನೆಗೆ ಅದನ್ನೂ ತಾನೇ ತಿನ್ನುತ್ತಾನೆ. ಇದನ್ನು ಓದಿದ ಮೇಲೆ ಅವಳಿಗೆ ನಾನು ಹೇಳಿಕೊಡಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಮಾಲೀಕರನ್ನೂ ಆ ಮನುಷ್ಯನನ್ನೂ ಕೇಳಿಕೊಂಡು ಹೋಗಿ, ತಟ್ಟೆಯನ್ನು ಮೇಲಿನಿಂದ ತೆಗೆದಳು. ಅಂಚಿನ ಅರ್ಧ ರೊಟ್ಟಿ, ಇತ್ತ ಅವನ ಕೈ, ಅತ್ತ ಖಾಲಿ ಬೆಂಚಿನ ಒಂದು ತುಂಡು. ಮುಖವಿಲ್ಲ.

ಕ್ಯಾಮೆರಾ ಯಾವುದಾದರೂ ಆದೀತು. ಮೊಬೈಲೂ ಸಾಕು. ಲೆನ್ಸು ಇದ್ದರೆ 35 ಮಿಲಿಮೀಟರಿನದು, ಇಲ್ಲವೇ 50. ದೂರದಿಂದ ಎಳೆದುಕೊಳ್ಳುವ ಉದ್ದ ಲೆನ್ಸನ್ನು ಮನೆಯಲ್ಲೇ ಬಿಡಿ. ಅದೂ, ಮೊಬೈಲಿನ ಪೋರ್ಟ್ರೇಟ್ ಮೋಡೂ ಮಾಡುವುದು ನನ್ನ ತಂದೆಯ ಓಪೇಕ್ ಮಾಡುತ್ತಿದ್ದ ಕೆಲಸವನ್ನೇ: ಸುತ್ತಲಿನದನ್ನೆಲ್ಲ ಮಸುಕು ಮಾಡಿ ಒಬ್ಬನನ್ನು ಕತ್ತರಿಸಿ ಕೈಗಿಡುತ್ತವೆ. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, 8ರ ಆಸುಪಾಸಿನಲ್ಲಿರಲಿ. ಗೋಡೆಯ ಮೇಲಿನ ಬರಹವೂ ಓದಲು ಬರಬೇಕು.

ನೆರಳಿಲ್ಲದ ಹೊತ್ತು

ಬೆಳಗಿನ ಮತ್ತು ಸಂಜೆಯ ಹೊಂಬಿಸಿಲಿನಲ್ಲೇ ಫೋಟೋ ತೆಗೆಯಬೇಕು ಎಂದು ಎಲ್ಲರೂ ಕಲಿಸುತ್ತಾರೆ. ಹೊಂಬಿಸಿಲಿನಲ್ಲಿ ತಿಪ್ಪೆಗುಂಡಿಯೂ ಚೆಂದ ಕಾಣುತ್ತದೆ, ಅದೇ ತೊಂದರೆ. ರಾಯಚೂರು ತನ್ನ ನಿಜವಾದ ಮುಖ ತೋರಿಸುವುದು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ, 40 ಡಿಗ್ರಿ ದಾಟಿದ ಮೇಲೆ. ಅಂಗಡಿಗಳ ಶಟರು ಅರ್ಧ ಇಳಿದಿರುತ್ತದೆ. ನಾಯಿ ಚರಂಡಿ ಬದಿಯ ತೇವಕ್ಕೆ ಹೊಟ್ಟೆ ಒತ್ತಿ ಮಲಗಿರುತ್ತದೆ. ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ಹಮಾಲರು ಚೀಲಗಳ ಸಂದಿಯಲ್ಲಿ ಟವಲನ್ನು ಮುಖಕ್ಕೆ ಹಾಕಿಕೊಂಡು ಉದ್ದಕ್ಕೆ ಬಿದ್ದಿರುತ್ತಾರೆ. ಒಂದರಿಂದ ನಾಲ್ಕರವರೆಗೆ ಮೂರು ತಾಸು, ಲಕ್ಷಗಟ್ಟಲೆ ಜನರಿರುವ ಊರನ್ನು ಯಾರೋ ಬಿಟ್ಟುಹೋದಂತೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ನಮ್ಮ ಊರು 16 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಹತ್ತಿರದಲ್ಲಿದೆ. ಆದ್ದರಿಂದ ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಮೊದಲ ಹತ್ತು ದಿನಗಳಲ್ಲಿ ಇನ್ನೊಮ್ಮೆ, ಹನ್ನೆರಡೂಕಾಲರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕಂಬದ ನೆರಳು ಕಂಬದ ಬುಡಕ್ಕೇ ಸೇರಿಹೋಗುತ್ತದೆ, ಮನುಷ್ಯನ ನೆರಳು ಅವನ ಚಪ್ಪಲಿಯ ಕೆಳಗೆ. ದೆವ್ವಕ್ಕೆ ನೆರಳಿರುವುದಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಆ ಹೊತ್ತಿನಲ್ಲಿ ಖಾಲಿ ರಸ್ತೆ ದಾಟುವ ಒಬ್ಬನನ್ನು ಮೊದಲ ಮಹಡಿಯಿಂದ ತೆಗೆದು ನೋಡಿ. ಅವನು ನೆಲದ ಮೇಲೆ ನಿಂತಂತೆಯೇ ಕಾಣುವುದಿಲ್ಲ, ಅಂಟಿಸಿದಂತೆ ಕಾಣುತ್ತಾನೆ. ಆಗಸ್ಟಿನ ಮೋಡವನ್ನು ನಂಬಬೇಡಿ, ಮೇ ತಿಂಗಳೇ ವಾಸಿ.

ಬೆಳಕನ್ನು ಅಳೆಯುವುದು ಬಿಸಿಲು ಬಿದ್ದ ಜಾಗಕ್ಕೆ. ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ, ಇಳಿಸಿ. ಸೂರಿನ ಕೆಳಗಿನ ನೆರಳು ಕಪ್ಪಾಗಿ ಹೋದರೆ ಹೋಗಲಿ. ಕ್ಯಾಮೆರಾವನ್ನು ಬಿಳಿ ಹತ್ತಿಯ ಟವಲಿನಲ್ಲಿ ಸುತ್ತಿಕೊಳ್ಳಿ, ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ. ಮೊಬೈಲು ಬಿಸಿಯಾಗಿ ತಾನೇ ಆರಿಹೋದರೆ ಬಲವಂತ ಮಾಡದೆ ನೀವೂ ನೆರಳಿಗೆ ಹೋಗಿ ನೀರು ಕುಡಿಯಿರಿ.

ಮಲಗಿದವರ ವಿಷಯದಲ್ಲಿ ಒಂದು ಮಾತು. ಮುಖ ಮುಚ್ಚಿ ಮಲಗಿದ ಹಮಾಲ ಹೆಣದಂತೆ ಕಾಣುತ್ತಾನೆ ಎಂಬ ಕಾರಣಕ್ಕೇ ಎಲ್ಲರಿಗೂ ಆ ಚಿತ್ರದ ಆಸೆ. ನಾನೂ ತೆಗೆದಿದ್ದೇನೆ, ನಾಚಿಕೆಯೂ ಪಟ್ಟಿದ್ದೇನೆ. ಎದ್ದ ಮೇಲೆ ತೋರಿಸಿದಾಗ ಆತ, "ಅಣ್ಣಾ, ನಾನು ಇನ್ನೂ ಇದ್ದೇನೆ" ಎಂದು ನಕ್ಕ. ಅವನ ಎದುರಿಗೇ ಅಳಿಸಿದೆ. ಆಮೇಲೆ ಅವನೇ ಚೀಲದ ಕೊಕ್ಕೆಯನ್ನು ಗೋಡೆಯ ಮೊಳೆಗೆ ತೂಗುಹಾಕಿ, "ಇದನ್ನು ತೆಗೆಯಿರಿ, ಇದು ನನ್ನ ತಮ್ಮನದು, ಈಗ ಅವನಿಲ್ಲ" ಎಂದ. ಮರದ ಹಿಡಿ ಸವೆದು ಅಂಗೈಯ ಆಕಾರಕ್ಕೆ ಬಂದಿತ್ತು.

ತೀನ್ ಕಂದೀಲ್‌ನಲ್ಲಿ ಹತ್ತು ಸೆಕೆಂಡು

1838ರಲ್ಲಿ ಪ್ಯಾರಿಸ್‌ನ ಒಂದು ದೊಡ್ಡ ಬೀದಿಯನ್ನು ಡಾಗೇರ್ ಎಂಬಾತ ಕಿಟಕಿಯಿಂದ ಫೋಟೋ ತೆಗೆದ. ಫಿಲ್ಮಿನ ಬದಲು ಬಳಸುತ್ತಿದ್ದ ಲೋಹದ ತಟ್ಟೆಗೆ ಬೆಳಕು ತಾಗಿ ಚಿತ್ರ ಮೂಡಲು ಆಗ ಹಲವು ನಿಮಿಷ ಬೇಕಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಓಡಾಡಿದ ಗಾಡಿ, ಕುದುರೆ, ಜನ ಯಾರೂ ಚಿತ್ರದಲ್ಲಿ ನಿಲ್ಲಲಿಲ್ಲ. ಒಂದು ಮೂಲೆಯಲ್ಲಿ ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತಾ ನಿಂತಿದ್ದವನೊಬ್ಬ ಮೂಡಿದ. ಕ್ಯಾಮೆರಾದಲ್ಲಿ ಸಿಕ್ಕ ಮೊದಮೊದಲ ಮನುಷ್ಯರಲ್ಲಿ ಅವನೊಬ್ಬ, ಹೆಸರು ಯಾರಿಗೂ ತಿಳಿಯದು.

ಆ ಕಾಲದ ಕೊರತೆ ನಮಗೆ ಉಪಾಯವಾಗುತ್ತದೆ. ನಡೆಯುವವರು ಅಳಿಸಿಹೋಗಿ, ನಿಂತವರು ಮಾತ್ರ ಉಳಿಯುವ ಚಿತ್ರವನ್ನು ತೀನ್ ಕಂದೀಲ್‌ನಲ್ಲಿ ನಡುಹಗಲು ತೆಗೆಯಬಹುದು. ಚೆನ್ನಾದ ಬಿಸಿಲಿನಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಚುರುಕು) 100, ಅಪರ್ಚರ್ 16 ಇಟ್ಟರೆ ಶಟರ್ ತೆರೆದಿರುವ ಹೊತ್ತು ಸೆಕೆಂಡಿನ ನೂರನೇ ಒಂದು ಭಾಗ ಬರುತ್ತದೆ. ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಕಪ್ಪು ಗಾಜು, ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿ. ಬೆಳಕು ಸುಮಾರು ಸಾವಿರ ಪಟ್ಟು ಕಡಿಮೆಯಾಗಿ ನೂರನೇ ಒಂದು ಭಾಗ ಹತ್ತು ಸೆಕೆಂಡಾಗುತ್ತದೆ. ಫಿಲ್ಟರ್ ಹಾಕುವ ಮೊದಲೇ ಫೋಕಸ್ ಮಾಡಿ ಆಟೋಫೋಕಸ್ ಆರಿಸಿಬಿಡಿ, ಹಾಕಿದ ಮೇಲೆ ಕ್ಯಾಮೆರಾಗೆ ಕಣ್ಣೇ ಕಾಣುವುದಿಲ್ಲ. ಗಾಳಿಗೆ ಟ್ರೈಪಾಡ್ ಅಲುಗದಂತೆ ನಡುವಿನ ಕೊಕ್ಕೆಗೆ ನಿಮ್ಮ ಚೀಲವನ್ನೇ ತೂಗುಹಾಕಿ. ಫಿಲ್ಟರ್ ಇಲ್ಲದವರು ಟ್ರೈಪಾಡಿನ ಮೇಲೆ ಅಲುಗಿಸದೆ, ಐದೈದು ಸೆಕೆಂಡು ಬಿಟ್ಟು ಮೂವತ್ತು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಮೀಡಿಯನ್ ಲೆಕ್ಕದಲ್ಲಿ, ಅಂದರೆ ಪ್ರತಿ ಚುಕ್ಕೆಗೂ ಮೂವತ್ತರ ನಡುವಿನ ಬೆಲೆ ಹಿಡಿದು, ಒಟ್ಟುಗೂಡಿಸಬಹುದು. ಫಲ ಹೆಚ್ಚುಕಡಿಮೆ ಒಂದೇ.

ಮೊದಲ ದಿನ ರಸ್ತೆ ಬದಿಯಲ್ಲೇ ಟ್ರೈಪಾಡ್ ನಿಲ್ಲಿಸಿದೆ. ಐದು ನಿಮಿಷದಲ್ಲಿ ಅಂಗಡಿಯವರೆಲ್ಲ ಸುತ್ತ ಸೇರಿದರು. "ರಸ್ತೆ ಅಗಲ ಮಾಡುತ್ತಾರೇನು? ಎಷ್ಟು ಅಡಿ ಹೋಗುತ್ತದೆ?" ಸರ್ವೆಯವನಲ್ಲ, ಹಿಂದಿನ ಓಣಿಯ ಸ್ಟುಡಿಯೋದವನು ಎಂದು ನಂಬಿಸುವುದರೊಳಗೆ ಬಿಸಿಲು ಇಳಿಯಿತು. ನೀವು ಯಾವುದಾದರೂ ಅಂಗಡಿಯ ಮಾಳಿಗೆಗೆ ಅನುಮತಿ ಕೇಳಿ ಹತ್ತಿ.

ಎರಡನೆಯ ಸಲ ಮಾಳಿಗೆಯಿಂದ ತೆಗೆದೆ. ಆಟೋ, ಬೈಕು, ಸಂತೆಗೆ ಬಂದವರು ಎಲ್ಲ ಸೇರಿ ನೆಲದ ಮೇಲೆ ತೆಳ್ಳನೆಯ ಹೊಗೆಯಂತಾದರು. ಉಳಿದವರು ಮೂವರು. ಚಪ್ಪಲಿ ಹೊಲಿಯುವಾತ, ಗೋಡೆಗೆ ಒರಗಿ ಯಾರನ್ನೋ ಕಾಯುತ್ತಿದ್ದ ಹುಡುಗಿ, ತಳ್ಳುಗಾಡಿಯ ಕೆಳಗೆ ಮಲಗಿದ್ದ ಒಬ್ಬ. ಹುಡುಗಿಯ ತಲೆ ಮಾತ್ರ ಮಸುಕು. ಹತ್ತು ಸೆಕೆಂಡಿನಲ್ಲಿ ಆಕೆ ಎಷ್ಟು ಸಲ ರಸ್ತೆಯ ಎರಡೂ ಕಡೆ ನೋಡಿದಳೋ.

ರಾತ್ರಿ

ರಾತ್ರಿ ಹನ್ನೊಂದರ ಮೇಲೆ ಊರಿನಲ್ಲಿ ಎಚ್ಚರವಿರುವ ಗಾಜಿನ ಡಬ್ಬಿ ಎಂದರೆ ಎಟಿಎಂ. ಒಳಗೆ ಹಗಲಿನಂಥ ಬಿಳಿ ಬೆಳಕು, ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾವಲುಗಾರ. ಕುರ್ಚಿಯ ಕಾಲನ್ನು ಕಿಟಕಿಯ ಸರಳಿಗೆ ಸರಪಳಿ ಹಾಕಿ ಬೀಗ ಜಡಿದಿರುತ್ತಾರೆ. ನಾನು ಒಂದು ತಿಂಗಳು ನೋಡಿಕೊಂಡು ಬಂದ ಕಾವಲುಗಾರ ಹಳ್ಳಿಯಲ್ಲಿ ಐದು ಎಕರೆ ಒಣಬೇಸಾಯ ಮಾಡಿದವರು. "ಕಾಕಾ, ನಿದ್ದೆ ಬಂದರೆ ಏನು ಮಾಡುತ್ತೀರಿ?" ಎಂದು ಕೇಳಿದೆ. "ಒಳಗೆ ಹೋಗಿ ಬ್ಯಾಲೆನ್ಸ್ ನೋಡುತ್ತೇನೆ" ಎಂದರು.

ಇಂಥಲ್ಲಿ ದೀಪದ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ. ಕ್ಯಾಮೆರಾ ಎಲ್ಲ ದೀಪಗಳನ್ನೂ ಒಂದೇ ಬಣ್ಣಕ್ಕೆ ತಂದು ಕೂರಿಸುತ್ತದೆ. ಡೇಲೈಟಿಗೆ ಗಟ್ಟಿಯಾಗಿ ಇಟ್ಟರೆ ಎಟಿಎಂನ ಬಿಳಿ, ಹಳೆಯ ಬೀದಿದೀಪದ ಕಿತ್ತಳೆ, ಟ್ಯೂಬ್‌ಲೈಟಿನ ಹಸಿರು ಛಾಯೆ ಬೇರೆಬೇರೆಯಾಗಿ ಉಳಿಯುತ್ತವೆ, ಯಾರು ಯಾವ ಬೆಳಕಿನಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬುದು ಕಾಣುತ್ತದೆ. ಶಟರ್ ಐವತ್ತನೇ ಅಥವಾ ನೂರನೇ ಒಂದು ಭಾಗ. ನಮ್ಮ ಕರೆಂಟು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಅದಕ್ಕಿಂತ ವೇಗವಾದ ಶಟರ್ ಇಟ್ಟರೆ ಚಿತ್ರದ ಮೇಲೆ ಪಟ್ಟೆ ಬೀಳಬಹುದು. ಐಎಸ್ಒ 1600ಕ್ಕೆ ಏರಿಸಲು ಹೆದರಬೇಡಿ.

ಬಸ್ ನಿಲ್ದಾಣಕ್ಕೂ ರಾತ್ರಿಯೇ ಹೋಗಿ. ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವ ಸಂಸಾರಗಳು ಬೆಂಗಳೂರಿನ ಬಸ್ಸಿಗೆ ಕಾಯುತ್ತಿರುತ್ತವೆ. ಹಾಸಿಗೆ ಸುರುಳಿ, ಪ್ಲಾಸ್ಟಿಕ್ ಕೊಡ, ಜೋಳದ ಹಿಟ್ಟಿನ ಚೀಲ, ಒಲೆ. ಅವರ ಮುಖಕ್ಕಿಂತ ಸಾಮಾನಿನ ಸಾಲು ಹೆಚ್ಚು ಹೇಳುತ್ತದೆ. ಮನೆಯ ಬೀಗದ ಕೈ ಯಾರ ಹತ್ತಿರವಿದೆ ಎಂದು ಕೇಳಿ ನೋಡಿ, ಸೆರಗಿನ ಗಂಟಿನಿಂದ ತೆಗೆದು ತೋರಿಸುತ್ತಾರೆ. ಆ ಗಂಟಿನ ಫೋಟೋ ತೆಗೆಯಲು ಅವರೂ ಬೇಡ ಎನ್ನುವುದಿಲ್ಲ.

ಹೀಗೆ ಹೋದ ಒಬ್ಬ ಯುವಕ ಬೆಂಗಳೂರಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡ. ಅವನ ತಮ್ಮ ನನ್ನ ಹತ್ತಿರ ಮೊಬೈಲು ಹಿಡಿದು ಬಂದ. ಇದ್ದದ್ದು ಒಂದೇ ಫೋಟೋ, ಅಣ್ಣ ತಾನೇ ತೆಗೆದುಕೊಂಡದ್ದು. ಹಿಂದೆ ಸಾರುವೆ ಕಂಬಗಳು, ಅದರ ಹಿಂದೆ ಇನ್ನೂ ಕಿಟಕಿ ಕೂರಿಸದ ಮಹಡಿಗಳು, ಕೆಳಗೆ ಇಡೀ ಬೆಂಗಳೂರು. ಫೋಟೋಗ್ರಾಫರನಾಗಿ ನೋಡಿದರೆ ಅದಕ್ಕಿಂತ ದೊಡ್ಡ ಚಿತ್ರ ನನ್ನ ಕೈಗೆ ಬಂದಿರಲಿಲ್ಲ. ತಮ್ಮ, "ಹಿಂದಿನದೆಲ್ಲ ತೆಗೆದು ನೀಲಿ ಹಾಕಿ ಸರ್, ಅವ್ವ ಕಟ್ಟಡ ನೋಡಬಾರದು" ಎಂದ. ಬೆರಳು ಉಳಿಸಬೇಕು, ಗುರುತು ಉಳಿಸಬೇಕು ಎಂದು ಇಷ್ಟು ಹೊತ್ತು ಹೇಳಿದವನು ಒಂದೂ ಕಂಬ ಬಿಡದೆ ಅಳಿಸಿಕೊಟ್ಟೆ. ಗೋಡೆ ಅವರದು. ಮೂಲಚಿತ್ರವನ್ನು ಅಂಚೆಕಾರ್ಡಿನ ಅಳತೆಯಲ್ಲಿ ಒಂದು ಪ್ರಿಂಟ್ ಹಾಕಿ ದುಡ್ಡಿಲ್ಲದೆ ಕೊಟ್ಟೆ. ಅವನು ಅದನ್ನು ಮಡಚದೆ ಅಂಗಿಯ ಜೇಬಿಗೆ ಇಟ್ಟುಕೊಂಡ. ನನ್ನ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಲಿಲ್ಲ.

ಸಾವಿನ ಮನೆಗೆ ಹೋಗುವಾಗ

ಕರೆಯದೆ ಹೋಗಬೇಡಿ. ಕರೆದರೆ ಕ್ಯಾಮೆರಾ ಚೀಲದೊಳಗೇ ಇರಲಿ, ಚಪ್ಪಲಿ ದೂರ ಬಿಡಿ, ಮನೆಯ ಹಿರಿಯರ ಹತ್ತಿರ ಹೋಗಿ ಕುಳಿತುಕೊಳ್ಳಿ. ಯಾವಾಗ ತೆಗೆಯಬೇಕು ಎಂದು ಅವರೇ ಹೇಳುತ್ತಾರೆ.

ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲಿ ಶವವನ್ನು ಕುಳ್ಳಿರಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳಿಗೆ ಮಾಲೆ, ಪಕ್ಕದಲ್ಲಿ ಭಜನೆ. ವಿಮಾನಕ್ಕೆ, ಅಂದರೆ ಅಲಂಕರಿಸಿದ ಚಟ್ಟಕ್ಕೆ, ಏರಿಸುವ ಮೊದಲು ಮಕ್ಕಳು ಮೊಮ್ಮಕ್ಕಳು ಸುತ್ತ ಕುಳಿತು ಒಂದು ಫೋಟೋ ಆಗಬೇಕು. ನಾನು ಹದಿನಾರರ ವಯಸ್ಸಿನಲ್ಲಿ ತಂದೆಯ ಜೊತೆ ಫ್ಲ್ಯಾಷ್ ಹಿಡಿಯಲು ಮೊದಲ ಸಲ ಹೋದೆ. ಅವರು ಹೇಳಿಕೊಟ್ಟದ್ದು ಎರಡೇ ಮಾತು. ಫ್ಲ್ಯಾಷ್ ನೇರ ಹಾಕಬೇಡ, ಕಣ್ಣು ಪೂರ್ತಿ ಮುಚ್ಚಿರುವುದಿಲ್ಲ, ಹೊಳೆದುಬಿಡುತ್ತದೆ. ಸೂರಿಗೆ ಹೊಡೆ, ಅಲ್ಲಿಂದ ಇಳಿಯಲಿ. ನಿಂತು ತೆಗೆಯಬೇಡ, ಅವರು ಕುಳಿತಿದ್ದಾರೆ, ನೀನೂ ಕುಳಿತುಕೋ.

ತಲೆ ವಾಲದಂತೆ ಹಿಂದಿನಿಂದ ಯಾರಾದರೂ ಹಿಡಿದಿರುತ್ತಾರೆ, ಹೆಚ್ಚಾಗಿ ಸೊಸೆ ಇಲ್ಲವೇ ಮಗಳು. ಮಾಲೆಯ ಹಿಂದೆ ಅಡಗಿದ ಆ ಕೈ ಕಾಣದ ಕೋನವನ್ನೇ ತಂದೆ ಹುಡುಕುತ್ತಿದ್ದರು. ನಾನು ಒಂದನ್ನು ಅವರಂತೆ ತೆಗೆಯುತ್ತೇನೆ. ಆಮೇಲೆ ಒಂದು ಹೆಜ್ಜೆ ಎಡಕ್ಕೆ ಸರಿದು ಕೈ ಕಾಣುವಂತೆ ಇನ್ನೊಂದು. ಎರಡನ್ನೂ ಮನೆಯವರಿಗೆ ಕೊಡುತ್ತೇನೆ. ಎರಡನೆಯದನ್ನು ಹರಿದುಹಾಕಿದವರು ಇದುವರೆಗೆ ಒಬ್ಬರೂ ಇಲ್ಲ.

ಮಣ್ಣಿಗೆ ಹೋದಲ್ಲಿ ಕ್ಯಾಮೆರಾ ತೆಗೆಯುವ ಅಭ್ಯಾಸ ನನಗಿಲ್ಲ. ಖಬರಸ್ತಾನಕ್ಕೂ ಕೇಳದೆ ಕಾಲಿಡುವುದಿಲ್ಲ. ಊರೊಳಗೇ ಸಾವು ಬೇಕಾದಷ್ಟು ಹರಡಿಕೊಂಡಿದೆ. ವೃತ್ತಗಳಲ್ಲಿ ಕಟ್ಟುವ ಭಾವಪೂರ್ಣ ಶ್ರದ್ಧಾಂಜಲಿ ಫ್ಲೆಕ್ಸನ್ನು ಕಟ್ಟಿದ ದಿನವೇ ತೆಗೆದು ಸುಮ್ಮನಾಗಬೇಡಿ. ಬಿಚ್ಚದೆ ಮರೆತ ಒಂದನ್ನು ಹುಡುಕಿ, ಅದೇ ಜಾಗದಲ್ಲಿ ನಿಂತು ಹದಿನೈದು ದಿನಕ್ಕೊಂದು ಸಲ ತೆಗೆಯುತ್ತಾ ಹೋಗಿ. ಬಿಸಿಲಿಗೆ ಕೆಂಪೂ ಹಳದಿಯೂ ಮೊದಲು ಹೋಗುತ್ತವೆ. ಕುಂಕುಮ ಹೋಗುತ್ತದೆ, ತುಟಿ ಹೋಗುತ್ತದೆ, ಹಾರದ ಚೆಂಡುಹೂ ಬೂದಿಯಾಗುತ್ತದೆ. ಕೊನೆಗೆ ಉಳಿಯುವುದು ನೀಲಿ ಮತ್ತು ಕಪ್ಪು. ಸತ್ತವರ ಮುಖದ ಜೊತೆಗೆ ಕೆಳಗಿನ ಸಾಲಿನಲ್ಲಿ ಶೋಕ ಸೂಚಿಸಿದ ಹತ್ತು ಜನರ ಮುಖವೂ ನೀಲಿಯಾಗಿರುತ್ತದೆ. ಹೆಸರಿರುವ ಫ್ಲೆಕ್ಸ್ ಆದ್ದರಿಂದ ಅದನ್ನು ಹೊರಗೆ ತೋರಿಸುವ ಮೊದಲು ಮನೆಯವರನ್ನು ಕೇಳಬೇಕು.

ಬಸ್ ನಿಲ್ದಾಣದ ಬಳಿಯ ಕೋಟೆಗೂ ಒಮ್ಮೆ ಹೋಗಿ. ಒಳಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ, 1294ರ ತೆಲುಗು ಶಾಸನ ಅದರ ಮೇಲಿದೆ. ಕೋಟೆ ಕಟ್ಟಿಸಿದ ಅಧಿಕಾರಿಯ ಹೆಸರು ಶಾಸನದಲ್ಲಿ ಬರುತ್ತದೆ. ಆ ಕಲ್ಲನ್ನು ಬಂಡಿಯ ಮೇಲಿಟ್ಟು ಸಾಲು ಕೋಣಗಳಿಂದ ಎಳೆಸಿದವರ ಹೆಸರು ಎಲ್ಲೂ ಇಲ್ಲ, ಅವರು ಎಳೆಸುತ್ತಿರುವ ಚಿತ್ರ ಮಾತ್ರ ಗೋಡೆಯಲ್ಲಿ ಕೊರೆದಿದೆ. ನೇರ ಬೆಳಕಿನಲ್ಲಿ ಗೀರು ಕಾಣುವುದಿಲ್ಲ. ಜೊತೆಯಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ, ಗೋಡೆಗೆ ತಾಗಿಸಿ ಪಕ್ಕದಿಂದ ಟಾರ್ಚ್ ಹಿಡಿಸಿ.

ಇನ್ನು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು. 1985ರಿಂದ ಅಲ್ಲಿ ಕಲ್ಲಿದ್ದಲು ಸುಡುತ್ತಿದೆ, ಹಾರುಬೂದಿ ಗಿಡದ ಎಲೆಯ ಮೇಲೆ ಕೂರುತ್ತದೆ. ಬೂದಿ ಎಂದ ಕೂಡಲೇ ಸ್ಮಶಾನ ನೆನಪಿಸುವ ಚಿತ್ರ ತೆಗೆಯುವ ಚಪಲ ಎಲ್ಲರಿಗೂ ಬರುತ್ತದೆ. ತೆಗೆದವರ ಹತ್ತು ಚಿತ್ರ ನನ್ನ ಹತ್ತಿರವೇ ಬಂದಿವೆ, ಹನ್ನೊಂದನೆಯದು ಬೇಡ. ಲೆನ್ಸನ್ನು ಮಾತ್ರ ಅಲ್ಲಿ ಬದಲಿಸಬೇಡಿ, ಬೂದಿ ಒಳಗೆ ಹೋಗುತ್ತದೆ.

ಆರಿಸುವುದು

ಆರು ತಿಂಗಳಾದ ಮೇಲೆ ಮುನ್ನೂರೋ ನಾನೂರೋ ಚಿತ್ರ ಸೇರಿರುತ್ತವೆ. ಪರದೆಯ ಮೇಲೆ ನೋಡಿ ಆರಿಸಲು ಆಗುವುದಿಲ್ಲ. ನಾಲ್ಕು-ಆರು ಇಂಚಿನ ಅಗ್ಗದ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ, ಮನೆಯವರು ದಾಟಿಕೊಂಡು ಓಡಾಡಲಿ. ನಿಮಗೆ ಬಹಳ ಚೆಂದ ಎನ್ನಿಸಿದವನ್ನು ಮೊದಲು ತೆಗೆದಿಡಿ. ಉಳಿದುದರಲ್ಲಿ ಯಾವುದರ ಮುಂದೆ ಮನೆಯ ಹಿರಿಯರು ಬಗ್ಗಿ ನೋಡಿ "ಇವರು ಯಾರು?" ಎಂದು ಕೇಳುತ್ತಾರೋ ಅವು ಹದಿನೈದು ಸಾಕು. ಕೆಳಗೆ ಜಾಗ ಮತ್ತು ತಾರೀಖು ಬರೆಯಿರಿ, ಕವಿತೆ ಬೇಡ.

ಕೊನೆಯದಾಗಿ ಸ್ಟುಡಿಯೋದ ಒಂದು ಅಭ್ಯಾಸ ಹೇಳಿಬಿಡುತ್ತೇನೆ, ಹೊರಗೂ ಉಪಯೋಗಕ್ಕೆ ಬರುತ್ತದೆ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಉಸಿರು ಹಿಡಿದು ಕೂರುತ್ತಾರೆ. 35-45 ಮಿಲಿಮೀಟರ್ ಅಳತೆ, ಬಿಳಿ ಹಿನ್ನೆಲೆ, ಬಾಯಿ ಮುಚ್ಚಿರಬೇಕು. ತೆಗೆದು, "ಆಯಿತು" ಎನ್ನುತ್ತೇನೆ. ಉಸಿರು ಬಿಡುತ್ತಾರೆ, ಭುಜ ಇಳಿಯುತ್ತದೆ. ಆಗ ಇನ್ನೊಂದು ತೆಗೆಯುತ್ತೇನೆ. ಅದನ್ನೂ ತೋರಿಸಿ, ಇಟ್ಟುಕೊಳ್ಳಲೇ ಎಂದು ಕೇಳಿ, ಒಪ್ಪಿದರೆ ಹೆಸರು, ತಾರೀಖು ಹಾಕಿ ಎರಡು ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇನೆ. ಒಂದು ಡಿಸ್ಕು ಕೈಕೊಟ್ಟು ಮೂರು ವರ್ಷದ ಮುಖಗಳು ಹೋದ ಮೇಲೆ ಎರಡು ಮಾಡಿಕೊಂಡದ್ದು.

ಕಳೆದ ಶ್ರಾವಣದಲ್ಲಿ ಒಬ್ಬರು ಬಂದರು. ತಾಯಿ ತೀರಿಕೊಂಡು ಐದು ದಿನವಾಗಿತ್ತು. ಪಿಂಚಣಿಗೆಂದು ಅವರನ್ನು ನನ್ನ ಹತ್ತಿರವೇ ಕರೆತಂದು ಫೋಟೋ ತೆಗೆಸಿದ್ದು ನೆನಪಿತ್ತು. ಹುಡುಕಿದೆ, ಎರಡೂ ಸಿಕ್ಕವು. ಮೊದಲನೆಯದರಲ್ಲಿ ಆಕೆ ಕ್ಯಾಮೆರಾವನ್ನು ದಿಟ್ಟಿಸಿ ಹೆದರಿ ಕುಳಿತಿದ್ದಾರೆ. ಎರಡನೆಯದರಲ್ಲಿ ಕತ್ತು ಹೊರಳಿಸಿ ಚಿತ್ರದ ಎಡಕ್ಕೆ, ಸ್ವಲ್ಪ ಕೆಳಗೆ, ಏನನ್ನೋ ನೋಡುತ್ತಿದ್ದಾರೆ.

"ಏನು ನೋಡುತ್ತಿದ್ದಾರೆ ಇವರು?" ಎಂದೆ.

"ಚಪ್ಪಲಿ" ಎಂದರು ಮಗ. "ನಿಮ್ಮ ಬಾಗಿಲಲ್ಲಿ ಬಿಟ್ಟಿದ್ದಳು. ಹೊಸವು. ಅದಕ್ಕೂ ಮೊದಲಿನವನ್ನು ಗುಡಿಯಲ್ಲಿ ಯಾರೋ ಹೊತ್ತೊಯ್ದಿದ್ದರು."

ಯಾವುದನ್ನು ದೊಡ್ಡದು ಮಾಡಲಿ ಎಂದು ಕೇಳಿದೆ. ಎರಡನೆಯದನ್ನೇ, ಹನ್ನೆರಡು-ಹದಿನೈದು ಇಂಚು, ಎಂದರು. ಮುಂಗಡ ಕೊಟ್ಟು ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಬಂದು, "ಹಾಗಾದರೆ ಬಾಗಿಲು ಅದರ ಎಡಕ್ಕೆ ಬರುವ ಗೋಡೆಯನ್ನೇ ನೋಡಬೇಕು" ಎಂದರು.